ಬ್ಯಾರೆ ಗಿರಣಿ

ಕೆಂಚನಟ್ಟಿಯಲ್ಲಿ ಇದ್ದದ್ದು ಒಂದೇ ಗಿರಣಿ, ಒಂದೇ ಕಲ್ಲು. ಬೆಳಿಗ್ಗೆ ಊರವರ ಜೋಳ, ಮಧ್ಯಾಹ್ನ ಊರವರ ಗೋಧಿ, ಇಳಿಹೊತ್ತಿಗೆ ಊರವರ ಮೆಣಸಿನಕಾಯಿ. ಖಾರ ಬೀಸಿದ ಮೇಲೆ ಕಲ್ಲು ಸ್ವಚ್ಛ ಆಗಬೇಕಲ್ಲ? ಗಿರಣಿ ಕಲ್ಲಿಗೆ ನೀರು ಹಾಕಿ ತೊಳೆಯಲು ಬರುವುದಿಲ್ಲ. ಒಂದಿಷ್ಟು ಕಾಳು ಸುರಿದು ಬೀಸಿದರೆ ಅಂಟಿದ ಖಾರವೆಲ್ಲ ಆ ಹಿಟ್ಟಿನ ಜೊತೆ ಹೊರಗೆ ಬರುತ್ತದೆ. ಗಿರಣಿಯ ಧರೆಪ್ಪ ಈ ಕೆಲಸಕ್ಕೆ ತನ್ನ ಮನೆಯ ಒಂದು ಕಾಳನ್ನೂ ಹಾಳು ಮಾಡಿದವನಲ್ಲ. ಅವನು ಕಲ್ಲು ತೊಳೆಯುತ್ತಿದ್ದುದು ಹೊಲಗೇರಿಯ ಜೋಳದಿಂದ.

ಹೊತ್ತು ಮುಳುಗುವಾಗ ಕೇರಿಯ ಹೆಂಗಸರು ಗಿರಣಿಯ ಹಿಂಬಾಗಿಲಲ್ಲಿ ಬುಟ್ಟಿ ಇಟ್ಟು ದೂರ ನಿಲ್ಲಬೇಕು. ಬಂದ ಹಿಟ್ಟಿನ ಬಣ್ಣವೇ ಬೇರೆ. ಅದನ್ನು ನಾದಿದ ಕೈ ಉರಿಯುತ್ತಿತ್ತು. ಮರೆತು ಕಣ್ಣು ಒರೆಸಿಕೊಂಡರೆ ಮುಗಿಯಿತು. ಬಾಣಂತಿಯರು ರೊಟ್ಟಿ ಬಡಿದು, ಕೈ ತೊಳೆದು, ಮತ್ತೆ ತೊಳೆದು ಕೂಸಿಗೆ ಮೊಲೆ ಕೊಟ್ಟರೂ ಕೂಸು ಚೀರುತ್ತಿತ್ತು. ಊರವರು ಮಾತ್ರ 'ಕೇರ್ಯಾನ ಹೆಂಗಸರ ಬಾಯಿ ಭಾಳ ಖಾರ' ಎಂದು ನಗುತ್ತಿದ್ದರು. ಮೂರು ಹೊತ್ತು ನಿಮ್ಮ ಗಿರಣಿಯ ಪ್ರಸಾದ ತಿಂದರೆ ಬಾಯಿ ಸಕ್ಕರೆ ಆಗುತ್ತದೆಯೇ?

ಒಲ್ಲೆ ಎಂದವರಿಗೆ ಬೀಸುಕಲ್ಲು ಇತ್ತು. ದಿನವಿಡೀ ಕಬ್ಬು ಕಡಿದು ಬಂದ ರಟ್ಟೆ, ಮತ್ತೆ ಕಲ್ಲಿನ ಗೂಟ ಹಿಡಿಯಬೇಕು. ಇಲ್ಲವೆಂದರೆ ತಲೆಯ ಮೇಲೆ ಜೋಳ ಹೊತ್ತು ಇನ್ನೊಂದು ಗಿರಣಿ ಇದ್ದ ತೆಲಸಂಗದ ದಾರಿ ಹಿಡಿಯಬೇಕು. ಆ ದಿನದ ಕೂಲಿ ಹೋಯಿತು. ಒಮ್ಮೆ ಕೇರಿಯ ಮುದುಕಿ ಲಗಮವ್ವ ಬೆಳಗಿನ ಹೊತ್ತು ಮುಂಬಾಗಿಲಿಗೆ ಬುಟ್ಟಿ ಒಯ್ದಿದ್ದಳು. ಧರೆಪ್ಪ ಅದನ್ನು ಕಾಲಿನಿಂದ ಒದ್ದು ಗಟಾರಕ್ಕೆ ಕೆಡವಿದ. ಲಗಮವ್ವ ಗಟಾರದಿಂದ ಜೋಳ ಹೆಕ್ಕಿ ತೊಳೆದು ಒಣಗಿಸಿದಳು. ಬಡವರು ಸಿಟ್ಟು ಮಾಡಬಹುದು, ಜೋಳ ಬಿಡುವ ಹಾಗಿಲ್ಲ.

ಅದೇ ಕೇರಿಯ ತಾರವ್ವನ ಮಗಳು ಮಂಗಲ ಬಾಣಂತನಕ್ಕೆ ಬಂದಿದ್ದು ಆ ವರ್ಷವೇ. ಆ ಕೂಸಿನ ಚೀರಾಟ ಕೇಳಿ ಕೇಳಿ ತಾರವ್ವನಿಗೆ ತಲೆ ಕೆಟ್ಟಿತು. ಅವಳಿಗೆ ಬೇಕಾದದ್ದು ಬೆಟ್ಟವಲ್ಲ, ಬಂಗಾರವಲ್ಲ. ಹಗಲಿನಲ್ಲಿ ಬೀಸಿದ, ಖಾರ ಹತ್ತದ ಒಂದು ಬುಟ್ಟಿ ಹಿಟ್ಟು.

"ನಮ್ಮ ಸಂಘಕ್ಕ ಒಂದು ಗಿರಣಿ ಬೇಡೂನು" ಎಂದಳು ಕೇರಿಯ ಹೆಂಗಸರಿಗೆ.

ಬೇಡುವುದು ಅವಳಿಗೆ ಹೊಸದಲ್ಲ. ಹಾಲುಹಲ್ಲು ಬೀಳುವ ಮೊದಲೇ ಕೊಕಟನೂರಿನ ಯಲ್ಲಮ್ಮನ ಹೆಸರಿನಲ್ಲಿ ಅವಳ ಕೊರಳಿಗೆ ಮುತ್ತು ಕಟ್ಟಿದ್ದರು. ಕೆಂಪು ಬಿಳಿ ಮಣಿಯ ಆ ಸರ ಬಿದ್ದ ಮೇಲೆ ಮದುವೆ ಇಲ್ಲ. ಗಂಡಸರ ಕಾಟಕ್ಕೇನೂ ಕೊರತೆ ಇಲ್ಲ. ಮಂಗಳವಾರ, ಶುಕ್ರವಾರ ದೇವಿಯ ಮುಖವಿಟ್ಟ ಬುಟ್ಟಿ ಹೊತ್ತು ಐದು ಮನೆ ಬೇಡಬೇಕು. ಅದಕ್ಕೆ ಜೋಗ ಎನ್ನುತ್ತಾರೆ. ಜೋಗದ ಪದ್ಧತಿ ಗಟ್ಟಿ. ಮನೆಯವರು ಮೊರದಲ್ಲಿ ಕಾಳು ತಂದು ನೀಡಬೇಕು. ಜೋಗತಿ ಅವರ ಹಣೆಗೆ ಭಂಡಾರದ ಅರಿಶಿನ ಹಚ್ಚಬೇಕು. ಆಮೇಲೆ ನೀಡಿದವರೇ ಬಗ್ಗಿ ಜೋಗತಿಯ ಕಾಲಿಗೆ ನಮಸ್ಕಾರ ಮಾಡಬೇಕು. ಬೇಡಿದವಳು ನೆಟ್ಟಗೆ ನಿಲ್ಲುತ್ತಾಳೆ, ಕೊಟ್ಟವರು ಬಗ್ಗುತ್ತಾರೆ. ಬುಧವಾರ ಅದೇ ಅಂಗಳಕ್ಕೆ ಕಾಲಿಟ್ಟರೆ ಅದೇ ಮನೆಯವರು ಹಿಂದಿನಿಂದ ನೀರು ಚಿಮುಕಿಸುತ್ತಾರೆ. ದೇವಿಗೆ ವಾರದಲ್ಲಿ ಎರಡೇ ದಿನ ಡ್ಯೂಟಿ ಇತ್ತೆಂದು ಕಾಣುತ್ತದೆ.

ಆಮೇಲೆ ಕಾಯ್ದೆ ಬಂತು. ಮುತ್ತು ಕಟ್ಟುವುದು ಅಪರಾಧವಾಯಿತು. ತಾರವ್ವ ಯಾರ ಉಪದೇಶಕ್ಕೂ ಕಾಯದೆ ತನ್ನ ಮುತ್ತು ಹರಿದು ಕೃಷ್ಣಾ ಹೊಳೆಗೆ ಒಗೆದಳು, ಬುಟ್ಟಿಯನ್ನೂ ಒಗೆದಳು. ಮಗಳಿಗೆ ಕಟ್ಟಗೊಡಲಿಲ್ಲ. ಗಂಡು ನೋಡಿ ಮದುವೆ ಮಾಡಿದಳು. ಕೇರಿಯಲ್ಲಿ ಅವಳಂಥ ಹೆಂಗಸರೆಲ್ಲ ಸೇರಿ ಸಂಘ ಕಟ್ಟಿದರು. ಸಂಘ ಅಂದ ಮೇಲೆ ಅರ್ಜಿ ಹಾಕಬೇಕು, ಅರ್ಜಿ ಹಾಕಿದರೆ ಅನುದಾನ ಬರುತ್ತದೆ ಎಂದು ಹೇಳಿದವನು ಜ್ಞಾನದೇವ ಮಾಸ್ತರ. ನಿಪ್ಪಾಣಿ ಕಡೆಯವನು, ತಂಬಾಕಿನ ವಖಾರಿಯಲ್ಲಿ ದುಡಿದ ತಾಯಿಯ ಮಗ, ಬುದ್ಧನ ಫೋಟೋಕ್ಕೆ ಕೈಮುಗಿಯುವವನು. ಊರ ಶಾಲೆಗೆ ವರ್ಗವಾಗಿ ಬಂದು ಕೇರಿಯಲ್ಲೇ ಮನೆ ಮಾಡಿದ್ದ. ಒಳ್ಳೆಯವನು. ಆದರೆ ಕಾಗದದ ಮೇಲೆ ಅವನಿಗೆ ಇದ್ದ ಭಕ್ತಿ ಪೂಜಾರಿಗೆ ದೇವರ ಮೇಲೂ ಇರಲಿಕ್ಕಿಲ್ಲ.

ಲಗಮವ್ವ ಎಲ್ಲ ಕೇಳಿ ಎಲೆ ಅಡಿಕೆ ಉಗುಳಿದಳು. "ಮೊದಲ ಐದ ಮನಿ ಬೇಡತಿದ್ವಿ. ಈಗ ಬೆಳಗಾವಿ, ಪುಣೆ, ಮುಂಬೈ ಬೇಡೂದು. ಬುಟ್ಟಿ ಹೋಗಿ ಫೈಲ್ ಬಂತು. ಅಷ್ಟ ಅಲ್ಲೇನೋ ಮಾಸ್ತರ?"

"ಹಂಗಲ್ಲ ಅಜ್ಜಿ. ಇದು ಹಕ್ಕು."

"ಹಕ್ಕಾದ್ರ 'ದಯಮಾಡಿ' ಅಂತ ಯಾಕ ಬರ್ಯಾಕತ್ತಿ?"

ಮಾಸ್ತರ ಪೆನ್ನು ಮುಂದೆ ಓಡಿಸಿದ. ಬರೆಯುತ್ತ ಬರೆಯುತ್ತ ಅವನು ಸದಸ್ಯರ ಗಂಡಂದಿರ ಹೆಸರಿನ ಕಾಲಮ್ಮಿಗೆ ಬಂದು ನಿಂತ. ತಲೆ ಕೆರೆದುಕೊಂಡ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಜಮದಗ್ನಿ ಅಂತ ಬರಿ" ಎಂದಳು ಲಗಮವ್ವ. "ಯಲ್ಲಮ್ಮನ ಗಂಡ. ಮುತ್ತು ಕಟ್ಟೂವಾಗ ಅಂವನ ಹೆಸರ ಹೇಳ್ಯಾರ."

"ಎಲ್ಲಾರಿಗೂ?"

"ಎಲ್ಲಾರಿಗೂ. ಬ್ಯಾಡಂದ್ರ ಖರೇ ಗಂಡರ ಹೆಸರ ಹೇಳ್ತೀನಿ ಬರಕೋ. ಪಂಚರ ಹೆಸರಿಂದ ಸುರು ಮಾಡೂನೇನು?"

ಮಾಸ್ತರ ಗಾಬರಿಯಾಗಿ ಜಮದಗ್ನಿಯ ಹೆಸರನ್ನೇ ಸಾಲಾಗಿ ಬರೆದ. ಪುಣೆಯ ಒಂದು ಸಂಸ್ಥೆಯಿಂದ ಅರ್ಜಿ ವಾಪಸು ಬಂತು. 'ಶ್ರೀ ಜಮದಗ್ನಿಯವರು ಇಷ್ಟೊಂದು ಮದುವೆಯಾಗಿರುವುದು ಕಾನೂನಿಗೆ ವಿರುದ್ಧ, ಅವರ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ?' ಎಂದು ಕೇಳಿದ್ದರು. ಕೇರಿಯ ಹೆಂಗಸರು ನಕ್ಕು ನಕ್ಕು ಕಟ್ಟೆಯ ಮೇಲೆ ಬಿದ್ದರು. ಇಷ್ಟು ಯುಗ ಕಳೆದ ಮೇಲೆ ಒಬ್ಬನಾದರೂ ಆ ಋಷಿಗೆ ಜವಾಬು ಕೇಳಿದ್ದಾನಲ್ಲ!

ಮುಂಬೈಯವರು ಗಿರಣಿಗೆ ಕೊಡುವುದಿಲ್ಲ, ಹೊಲಿಗೆ ಯಂತ್ರಕ್ಕೆ ಕೊಡುತ್ತೇವೆ ಎಂದರು. ಬಿದ್ದ ಹೆಂಗಸನ್ನು ಎತ್ತಲು ಹೊಲಿಗೆ ಯಂತ್ರವೇ ಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ. ಬೆಳಗಾವಿಯ ಇನ್ನೊಬ್ಬರು ಉಪ್ಪಿನಕಾಯಿ ಹಾಕಿ ಮಾರಿರಿ ಎಂದು ಸಲಹೆ ಕೊಟ್ಟರು. "ನಾವು ಮುಟ್ಟಿದ ಉಪ್ಪಿನಕಾಯಿ ಊರಾಗ ಯಾರ ನೆಕ್ತಾರಂತ? ಅವರ ಅಜ್ಜಾ ಬರ್ತಾನೇನು?" ಎಂದಳು ತಾರವ್ವ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೇ ಕೊಡಲಿಲ್ಲ, ಬರೀ ಪೂಜಾರಿಗಳು.

ಕೊನೆಗೆ ಮಾಸ್ತರ ಮುರಗೆಪ್ಪ ಸಾಹುಕಾರನ ಟ್ರಸ್ಟಿಗೆ ಅರ್ಜಿ ಹಾಕಿದ. ಸಾಹುಕಾರನದು ಅಥಣಿ ಕಡೆ ಕಬ್ಬು, ದ್ರಾಕ್ಷಿ. ಕೆಂಚನಟ್ಟಿಯ ಸುತ್ತಲೂ ಅವನ ಹೊಲಗಳೇ. ಕೇರಿಯ ಅರ್ಧ ಜನ ಕಡಿಯುತ್ತಿದ್ದುದು ಅವನ ಕಬ್ಬನ್ನೇ. ತೀರಿಹೋದ ಅಪ್ಪನ ಹೆಸರಿನಲ್ಲಿ ಟ್ರಸ್ಟು ಮಾಡಿದ್ದ. ಹದಿನೈದು ದಿನದೊಳಗೆ ಉತ್ತರ ಬಂತು. ಗಿರಣಿ ಮಂಜೂರು. ಕಲ್ಲು, ಮೋಟಾರು, ತಗಡಿನ ಶೆಡ್ಡು, ಎಲ್ಲ. ಸಾಹುಕಾರ ಶುಕ್ರವಾರ ಸ್ವತಃ ಬಂದು ಪತ್ರ ಕೊಡುತ್ತಾನೆ. ಮಾಸ್ತರ ಆ ಕಾಗದ ಹಿಡಿದು ಕೇರಿಯ ತುಂಬ ಓಡಾಡಿದ. ತಾರವ್ವ ಅತ್ತಳು. ಸಂತೋಷಕ್ಕೇ ಅತ್ತಳು, ಸುಳ್ಳು ಯಾಕೆ ಹೇಳಬೇಕು.

ಶುಕ್ರವಾರ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದರು. ಅಂಗಳ ಗುಡಿಸಿ ಸೆಗಣಿ ಸಾರಿಸಿದ್ದು ಸಂಘದ ಹೆಂಗಸರು, ಕುರ್ಚಿಯ ಮೇಲೆ ಕೂತದ್ದು ಪಂಚರು. ಸಾಹುಕಾರ ತಾಯಿ ಶಿವಗಂಗವ್ವನನ್ನೂ ಕರೆದುಕೊಂಡು ಕಾರಿನಲ್ಲಿ ಬಂದಿಳಿದ. ಜೊತೆಗೆ ಒಬ್ಬ ಫೋಟೋದವನು, ಚೀಲ ಹಿಡಿದ ಒಬ್ಬ ಕಾರ್ಯದರ್ಶಿ. ಎಲ್ಲರಿಗಿಂತ ಮೊದಲು ಎದ್ದು ಹೋಗಿ ಸಾಹುಕಾರನಿಗೆ ಹಾರ ಹಾಕಿದವನು ಗಿರಣಿಯ ಧರೆಪ್ಪ.

ತಾರವ್ವನಿಗೆ ಅದು ಯಾಕೆಂದು ತಿಳಿಯಲಿಲ್ಲ. ಊರಿಗೆ ಎರಡನೇ ಗಿರಣಿ ಬಂದರೆ ಮೊದಲನೆಯವನು ಬಾಯಿ ಬಡಿದುಕೊಳ್ಳಬೇಕು. ಇವನು ಮದುವೆಮನೆಯ ಬೀಗರ ಹಾಗೆ ಓಡಾಡುತ್ತಿದ್ದಾನಲ್ಲ?

ಭಾಷಣ ಶುರುವಾದ ಮೇಲೆ ತಿಳಿಯಿತು. ಧರೆಪ್ಪ ಕೈಮುಗಿದು ಎದ್ದ. "ಸಾಹುಕಾರ್ರು ನಮ್ಮ ಊರಿನ ದೊಡ್ಡ ತ್ರಾಸ ತಪ್ಪಿಸ್ಯಾರ. ಈಗೀನ ಕಾಲದಾಗ ಕೇರಿ ಮಂದಿ ಮುಂಬಾಗಿಲಕ್ಕ ಬರತೇವಿ ಅಂತಾರ, ಕಾಯ್ದೆ ಅಂತಾರ. ಇನ್ನ ಆ ಜಗಳ ಇಲ್ಲ. ಅವರ ಜ್ವಾಳ ಅವರ ಗಿರಣ್ಯಾಗ, ನಮ್ಮ ಜ್ವಾಳ ನಮ್ಮ ಗಿರಣ್ಯಾಗ."

ಪಂಚರು ಚಪ್ಪಾಳೆ ತಟ್ಟಿದರು. ಸಾಹುಕಾರ ತಲೆ ಆಡಿಸಿದ. "ಅದಕ್ಕಂತನ ಲಗೂನ ಮಂಜೂರ ಮಾಡೀವಿ. ಕೇರಿ ಗಿರಣಿ ಬ್ಯಾರೆ ಆದ್ರ ಊರಾಗ ಶಾಂತಿ ಇರತೈತಿ."

ಊರಿಗೆ ಬೇಕಾದದ್ದನ್ನೇ ತಾರವ್ವ ಊರಿನ ಪರವಾಗಿ ಬೇಡಿ ತಂದಿದ್ದಳು. ಬೇರೆ ಬಾವಿ ಇತ್ತು, ಬೇರೆ ಸುಡುಗಾಡು ಇತ್ತು. ಬೇರೆ ಗಿರಣಿಯೊಂದು ಬಾಕಿ ಇತ್ತು, ಅದಕ್ಕೂ ಇವಳೇ ಹೆಬ್ಬೆಟ್ಟು ಒತ್ತಿದ್ದಳು.

ಅಷ್ಟರಲ್ಲಿ ಕಾರ್ಯದರ್ಶಿ ಚೀಲ ಬಿಚ್ಚಿದ. ಒಳಗಿನಿಂದ ಒಂದು ಬುಟ್ಟಿ ಬಂತು. ಹಿತ್ತಾಳೆಯ ಮುಖ ಬಂತು. ಭಂಡಾರದ ಪೊಟ್ಟಣ ಬಂತು. ಕೆಂಪು ಬಿಳಿ ಮಣಿಯ ಸರ ಬಂತು. ಎಲ್ಲ ಹೊಸದು, ಈಗಷ್ಟೇ ಅಂಗಡಿಯಿಂದ ತಂದದ್ದು.

"ಎರಡ ಫೋಟೋ ಬೇಕವ್ವಾ. ಮೊದಲ ಹ್ಯಾಂಗ ಇದ್ರಿ ಅನ್ನೂದೊಂದು, ಈಗ ಹ್ಯಾಂಗ ಆದ್ರಿ ಅನ್ನೂದೊಂದು. ಮೊದಲಿಂದರಾಗ ಇವನ್ನ ಹಾಕ್ಕೊಂಡು ಬುಟ್ಟಿ ಹೊತ್ತು ಸಾಹುಕಾರ್ರ ಮುಂದ ಸೆರಗೊಡ್ಡಬೇಕು. ಎರಡನೇದರಾಗ ಪತ್ರ ಇಸ್ಕೊಂಡು ಅವರ ಕಾಲಿಗಿ ಬೀಳಬೇಕು. ಟ್ರಸ್ಟಿನ ಪುಸ್ತಕದಾಗ ಹಾಕಬೇಕಾಗೇತಿ."

ಹೆಂಗಸರೆಲ್ಲ ನೆಲ ನೋಡಿದರು. ತಾರವ್ವ ತನಗೆ ತಿಳಿಯದೆಯೇ ಕೊರಳಿಗೆ ಕೈ ಹಚ್ಚಿದಳು. ಮಾಸ್ತರ ಬಗ್ಗಿ ಪಿಸುಗುಟ್ಟಿದ: "ಅಕ್ಕಾ, ಒಂದ ಫೋಟೋ. ಕ್ಲಿಕ್ ಅಂದ್ರ ಮುಗೀತು. ಆಮ್ಯಾಲ ಗಿರಣಿ ನಮ್ಮದ."

"ನಿನ್ನ ಕೊರಳಿಗಿ ಕಟ್ಟಿದ್ರ ನೀ ಹಿಂಗ ಅಂತಿದ್ದಿ ಏನೋ ಮಾಸ್ತರ?"

ತಾರವ್ವನಿಗೆ ಈಗ ಎಂಥ ಸಿಟ್ಟು ಬಂದಿತ್ತೆಂದರೆ ಅಳುವೂ ಹತ್ತಿರ ಬರಲಿಲ್ಲ. ಅವಳು ಎದ್ದು ನಡೆದಳು.

"ಆಗಲ್ರಿ. ಹೊರತೇನಿ. ಆದ್ರ ಹೊತ್ತ ಮ್ಯಾಲ ಪದ್ಧತಿ ಪ್ರಕಾರ ನಡೀಬೇಕು."

"ನಡೀಲವ್ವಾ, ನಡೀಲಿ" ಎಂದ ಕಾರ್ಯದರ್ಶಿ. ಪದ್ಧತಿ ಅಂದರೆ ಅವನಿಗೆ ಹಾರ, ತುರಾಯಿ ಅಷ್ಟೇ.

ತಾರವ್ವ ಸರ ಹಾಕಿಕೊಂಡಳು. ಬುಟ್ಟಿ ತಲೆಗೇರಿಸಿದಳು. ಎದೆಯ ಆಳದಿಂದ ಕೂಗಿದಳು: "ಉಧೋ! ಉಧೋ!"

ಆ ಕೂಗಿಗೆ ಪೆಂಡಾಲೆಲ್ಲ ನಡುಗಿತು. ಪಂಚರ ಕೈ ತಾವಾಗಿಯೇ ಹಣೆಗೆ ಹೋದವು. ಧರೆಪ್ಪ ಟೊಪ್ಪಿಗೆ ತೆಗೆದ. ತಾರವ್ವ ಸೀದಾ ಸಾಹುಕಾರನ ಮುಂದೆ ಹೋಗಿ ನಿಂತಳು. ಸೆರಗೊಡ್ಡಲಿಲ್ಲ. ಹಿಡಿ ಭಂಡಾರ ತೆಗೆದು ಅವನ ಹಣೆಗೆ ಬಳಿದಳು. ಕಿವಿಯ ತನಕ ಹಳದಿಯಾಯಿತು. ಆಮೇಲೆ ಬಲಗಾಲು ಮುಂದೆ ಇಟ್ಟಳು. ಕಬ್ಬಿನ ಕೂಳೆ ಚುಚ್ಚಿ ಚುಚ್ಚಿ ಒಡೆದ ಕಾಲು.

"ಬೀಳ್ರಿ."

"ಏನು?" ಎಂದ ಸಾಹುಕಾರ.

"ಜೋಗಕ್ಕ ನೀಡಾವ್ರು ಕಾಲಿಗಿ ಬೀಳಬೇಕ್ರಿ. ಪದ್ಧತಿ ಐತಿ. ಬೀಳ್ರಿ, ಆಮ್ಯಾಲ ಗಿರಣಿ ನೀಡ್ರಿ."

ಫೋಟೋದವನು ಕ್ಯಾಮೆರಾ ಎತ್ತಿದ. ಕಾರ್ಯದರ್ಶಿ ಅದಕ್ಕೆ ಅಂಗೈ ಅಡ್ಡ ಹಿಡಿದ. ಸಾಹುಕಾರ ನಗಲು ಹೋದ, ನಗು ಬರಲಿಲ್ಲ. ಬಿದ್ದರೆ ತನ್ನ ಕಬ್ಬು ಕಡಿಯುವ ಹೊಲತಿಯ ಕಾಲು. ಬೀಳದಿದ್ದರೆ ಶುಕ್ರವಾರದ ದೇವಿಗೆ ಅಪಮಾನ. ಇಡೀ ಊರು ನೋಡುತ್ತಿದೆ. ಬೆವರಿಗೆ ಭಂಡಾರ ಕರಗಿ ಮೂಗಿನ ಮೇಲೆ ಇಳಿಯತೊಡಗಿತು.

ಹಿಂದಿನಿಂದ ಲಗಮವ್ವ ಕೂಗಿದಳು: "ಲಗೂ ಮಾಡ್ರಿ ಸಾಹುಕಾರ್ರ. ದೇವಿಗಿ ಇನ್ನೂ ನಾಕ ಮನಿ ಅದಾವು."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಶಿವಗಂಗವ್ವ ಎದ್ದಳು. ದೇವಿಗೆ ನಡೆದುಕೊಳ್ಳುವ ಮುದುಕಿ. ಮಗನನ್ನು ಸರಿಸಿ, ಕಷ್ಟಪಟ್ಟು ಮೊಳಕಾಲೂರಿ, ತಾರವ್ವನ ಪಾದದ ಮೇಲೆ ಎರಡೂ ಕೈ ಇಟ್ಟಳು. "ತಪ್ಪಾತು ನನ್ನವ್ವಾ. ಹೊಟ್ಟ್ಯಾಗ ಹಾಕ್ಕೋ."

ಗೆದ್ದೆ ಎಂದು ತಾರವ್ವ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಅವ್ವಾರ, ಯಾರ ಕಾಲಿಗಿ ಬಿದ್ರಿ?"

"ಯಲ್ಲಮ್ಮನ ಕಾಲಿಗಿ, ತಂಗಿ."

"ಕಾಲ ನಂದ್ರಿ."

ತಾರವ್ವ ಬುಟ್ಟಿ ಇಳಿಸಿದಳು. ಸರ ಹರಿದು ಅದರೊಳಗೆ ಒಗೆದಳು. ಬರಿಗೊರಳಲ್ಲಿ, ಬರಿದಲೆಯಲ್ಲಿ ನಿಂತು ಅದೇ ಕಾಲನ್ನು ಮತ್ತೆ ಮುಂದೆ ಇಟ್ಟಳು. "ಈಗ ಮುಟ್ರಿ."

ಮುದುಕಿ ಕೈ ಹಿಂದೆ ತೆಗೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳೇನು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ತಾರವ್ವನಿಗೆ ಅಷ್ಟು ನೋಯುತ್ತಿರಲಿಲ್ಲ.

"ನೋಡಿದ್ರೇನು?" ಎಂದು ತಾರವ್ವ ಪೆಂಡಾಲಿನ ಕಡೆ ತಿರುಗಿದಳು. "ಬುಟ್ಟಿಗಿ ಮಾನ ಐತಿ, ಹೊತ್ತಾಕಿಗಿ ಇಲ್ಲ. ಸಾಹುಕಾರ್ರ, ನಿಮ್ಮ ಗಿರಣಿ ನೀವ ಒಯ್ರಿ. ಬುಟ್ಟೀನೂ ಒಯ್ರಿ, ನಿಮಗ ಬೇಡಾಕ ಬೇಕಾಗತೈತಿ. ಬ್ಯಾರೆ ಗಿರಣಿ ನಮಗ ಬ್ಯಾಡ. ಊರಾಗ ಒಂದ ಐತಲ್ಲ, ಸಾಕು."

"ಸೊಕ್ಕು!" ಎಂದು ಸಾಹುಕಾರ ಎದ್ದ. "ನಾಳಿಂದ ನನ್ನ ಹೊಲದಾಗ ಇವರ್ಯಾರೂ ಕಾಲಿಡಬಾರದು." ಮುಖ ಒರೆಸಿಕೊಳ್ಳುತ್ತ ಕಾರು ಹತ್ತಿದ. ಭಂಡಾರ ಹೋಗುವಂಥದ್ದಲ್ಲ, ಒರೆಸಿದಷ್ಟೂ ಹರಡುತ್ತದೆ.

ಮಾಸ್ತರ ಕುಸಿದು ಕುಳಿತ. "ಕೈಗಿ ಬಂದದ್ದು ಬಾಯಿಗಿ ಬರಲಿಲ್ಲಲ್ಲ ಅಕ್ಕಾ. ಕೂಲೀನೂ ಹೋತು."

"ಹೋತು" ಎಂದಳು ತಾರವ್ವ. ಅವಳಿಗೂ ಹೆದರಿಕೆ ಆಗಿತ್ತು. ಮಂಗಲ, ಕೂಸು, ಮುಂದಿನ ವಾರದ ಜೋಳ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. "ಹೆಂಗೂ ನಾಳೆ ಕೆಲಸಿಲ್ಲ. ಮುಂಜಾನೆ ಎಲ್ಲಾರೂ ಬುಟ್ಟಿ ತುಂಬ್ಕೊಂಡು ಬರ್ರಿ."

ಮರುದಿನ ಧರೆಪ್ಪ ಗಿರಣಿಯ ಬಾಗಿಲು ತೆಗೆದಾಗ ಮುಂದಿನ ಕಟ್ಟೆಯ ಮೇಲೆ ತಾರವ್ವ ಕುಳಿತಿದ್ದಳು. ಅವಳ ಹಿಂದೆ ಲಗಮವ್ವ, ಲಗಮವ್ವನ ಹಿಂದೆ ಸಂಘದ ಎಲ್ಲ ಹೆಂಗಸರು. ಜೋಳದ ಬುಟ್ಟಿಗಳು ಬಾಗಿಲಿಗೆ ಅಡ್ಡವಾಗಿ ಸಾಲಾಗಿದ್ದವು.

"ಹಿಂದಕ್ಕ ಹೋಗ್ರಿ. ಸಂಜಿಕ ಬರ್ರಿ."

"ನಮ್ಮ ಪಾಳಿ ಮೊದಲ ಐತಿ. ಹಾಕು."

ಧರೆಪ್ಪ ಬುಟ್ಟಿಯ ಹತ್ತಿರ ಕಾಲು ತಂದ. ತಾರವ್ವ ಎದ್ದು ನಿಂತಳು. "ಒದಿ ನೋಡೂಣು. ಕಾಲಿನ ಪದ್ಧತಿ ನಿನ್ನೆ ನೋಡೀಯಲ್ಲ?"

ಅವನು ಕಾಲು ಹಿಂದೆ ತೆಗೆದ. ಮೋಟಾರಿನ ಹತ್ತಿರವೂ ಹೋಗಲಿಲ್ಲ. "ಕುಂದರ್ರಿ ಹಂಗರ. ಇವತ್ತ ಗಿರಣಿನ ಚಾಲೂ ಮಾಡೂದಿಲ್ಲ."

ಕುಂತರು. ಕೂರುವುದನ್ನು ಕೇರಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಜೀವಮಾನವಿಡೀ ಹಿಂಬಾಗಿಲಲ್ಲಿ ಕಾದವರು. ಬಿಸಿಲು ಏರಿತು. ಊರ ಹೆಂಗಸರು ಒಬ್ಬೊಬ್ಬರೇ ಬುಟ್ಟಿ ತಂದು ನಿಂತರು, ಬೈದರು, ಮನೆಗೆ ಹೋಗಿ ಮತ್ತೆ ಬಂದರು. ಪಂಚರು ಬಂದು ಕಣ್ಣು ಕೆಕ್ಕರಿಸಿ ಹೋದರು. ಜ್ಞಾನದೇವ ಮಾಸ್ತರ ಶಾಲೆಗೆ ರಜೆ ಹಾಕಿ, ತನ್ನ ಮನೆಯ ಜೋಳದ ಡಬ್ಬಿ ತಂದು, ಪಾಳಿಯ ಕೊನೆಯಲ್ಲಿ ಕುಳಿತ.

ಊಟದ ಹೊತ್ತಾಯಿತು. ಊರಲ್ಲಿ ಒಲೆ ಹತ್ತಿದ್ದವು, ಹಿಟ್ಟು ಇರಲಿಲ್ಲ. ಗೌಡರ ಮನೆಯ ಗಿರಿಜವ್ವನ ಮನೆಯಲ್ಲಿ ಬೀಗರು ಬಂದು ಕುಳಿತಿದ್ದರು. ಅವಳು ಬುಟ್ಟಿಯನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿ ಬದಲಿಸಿ ಸುಸ್ತಾಗಿ ಕೊನೆಗೆ ಹರಿಹಾಯ್ದಳು.

"ಧರೆಪ್ಪಾ, ಅಕೀ ಜ್ವಾಳ ಹಾಕಿ ಸಾಯಿ!"

"ಯಕ್ಕಾ, ಅವರದು ಮೊದಲ ಹಾಕಿ ಅದ ಕಲ್ಲಿನಾಗ ನಿಮ್ಮದು..."

"ನಿನ್ನ ಕಲ್ಲಿಗಿ ಬೆಂಕಿ ಹಚ್ಚಲಿ. ಬೀಗರಿಗಿ ಕಲ್ಲ ಬಡಸಲೇನು? ಹಾಕು!"

ಅವಳಿಗೆ ನ್ಯಾಯ ಬೇಕಾಗಿರಲಿಲ್ಲ, ಹಿಟ್ಟು ಬೇಕಾಗಿತ್ತು. ಇರಲಿ. ಹಸಿವು ಒಮ್ಮೊಮ್ಮೆ ಕಾಯ್ದೆಗಿಂತ ಲಗೂ ಕೆಲಸ ಮಾಡುತ್ತದೆ. ಉಳಿದ ಹೆಂಗಸರೂ ಕೂಗತೊಡಗಿದರು. ಧರೆಪ್ಪ ಪಂಚರ ಕಟ್ಟೆಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ, ಅವರೂ ರೊಟ್ಟಿಗೆ ಕಾದು ಮನೆಯಲ್ಲಿ ಕುಳಿತಿದ್ದರು. ಅವನು ಹಲ್ಲು ಕಡಿಯುತ್ತ ಮೋಟಾರಿನ ಗುಂಡಿ ಒತ್ತಿದ.

"ನಾ ಮುಟ್ಟೂದಿಲ್ಲ. ನೀನ ಸುರುವು."

ತಾರವ್ವ ಬುಟ್ಟಿ ಎತ್ತಿಕೊಂಡು ಗಿರಣಿಯ ಮೆಟ್ಟಿಲು ಹತ್ತಿದಳು. ಅಲ್ಲಿಗೆ ಅವಳು ಎಂದೂ ಹತ್ತಿರಲಿಲ್ಲ. ಮೇಲಿನಿಂದ ಎಲ್ಲ ಕಾಣುತ್ತಿತ್ತು: ಪಾಳಿ, ಬೀದಿ, ಗಟಾರ, ತನ್ನ ಕೇರಿ. ಜೋಳ ಸುರಿದಳು. ಕಲ್ಲು ಗುಡುಗಿತು. ಕೆಳಗೆ ಮಂಗಲ ಬಿಸಿ ಹಿಟ್ಟಿಗೆ ಬುಟ್ಟಿ ಹಿಡಿದಳು. ಹಿಟ್ಟು ಬೆಳ್ಳಗಿತ್ತು.

ಇಳಿದು ಬರುವಾಗ ಧರೆಪ್ಪ ಅಡ್ಡ ನಿಂತು ಗೊಣಗಿದ: "ಇವತ್ತ ಒಂದ ದಿನಾ, ತಿಳೀತೇನು?"

ತಾರವ್ವ ಬುಟ್ಟಿ ತಲೆಗೇರಿಸಿಕೊಂಡಳು. "ಇದು ಮುಗಿಯೂತನಾ ಬರೂದಿಲ್ಲ ಬಿಡು. ಮಂಗಳವಾರ ಬರತೇನಿ. ಮುಂಜಾನೆ. ಬಾಗಿಲ ತಗದಿರು."